ವಾಷಿಂಗ್ಟನ್ನಿನ ಕುರ್ಚಿಗಳು, ಕುಸನೂರಿನ ಸಸಿಗಳು

1987 ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಬರ. ಆದರೆ ಆ ವರ್ಷ ಬರದ ಜೊತೆಗೆ ಇನ್ನೂ ಕೆಲವು ಸಂಗತಿಗಳು ನಡೆದವು. ಜನವರಿಯಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ಆಯಿತು. ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಶಿವರಾಮ ಕಾರಂತರು ಹಾಕಿದ್ದ ಒಂದು ಅರ್ಜಿಯ ಮೇಲೆ ತಡೆಯಾಜ್ಞೆ ಕೊಟ್ಟಿತು. ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷರು ತಮ್ಮ ಬ್ಯಾಂಕಿನ ಇಲಾಖೆಗಳನ್ನೆಲ್ಲ ಕಿತ್ತು ಹೊಸದಾಗಿ ಜೋಡಿಸುತ್ತೇವೆ ಅಂದರು. ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ಬೇರೆ ಸಸಿ ನೆಟ್ಟರು.

ವಾಷಿಂಗ್ಟನ್ನಿನದು ಬಿಟ್ಟು ಉಳಿದ ಮೂರರ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆದಿದ್ದಾರೆ. ಬ್ಯಾಂಕಿನ ಕುರ್ಚಿ ಬದಲಾವಣೆ ನಮಗೇಕೆ ಅಂತ ಯಾರಾದರೂ ಕೇಳಬಹುದು. ಗುತ್ತೂರಿನಲ್ಲಿ ಕೂತು ನೋಡಿದರೆ ಅದು ಅಷ್ಟು ದೂರದ್ದಲ್ಲ. ನಮ್ಮೂರಿನಿಂದ ಹರಿಹರ, ಹರಿಹರದಿಂದ ಹೊಳೆ ದಾಟಿದರೆ ಕುಮಾರಪಟ್ಟಣ. ಅಲ್ಲಿ 1972ರಿಂದ ಹರಿಹರ ಪಾಲಿಫೈಬರ್ಸ್ ಇದೆ. ನೀಲಗಿರಿ ಮರದಿಂದ ರೇಯಾನ್ ತಿರುಳು ತೆಗೆಯುವ ಕಾರ್ಖಾನೆ. ತುಂಗಭದ್ರೆಯ ನೀರು, ಮಲೆನಾಡು ಬಯಲುಸೀಮೆಗಳ ಮರ, ಎರಡೂ ಅದಕ್ಕೆ ಬೇಕು. ಆ ಮರದ ಕಥೆಯೊಳಗೆ ಬ್ಯಾಂಕು ಒಂದು ಕಡೆಯಿಂದ ಬಂದು ಕೂತಿದೆ.

ಮೊದಲು ಸಸಿಯ ಕಥೆ ಹೇಳಿಬಿಡುತ್ತೇನೆ.

1983ರಲ್ಲಿ ಕರ್ನಾಟಕದ ಸಾಮಾಜಿಕ ಅರಣ್ಯ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಕೊಟ್ಟಿತು. ಬ್ರಿಟನ್ ಸರ್ಕಾರದ ನೆರವೂ ಜೊತೆಗಿತ್ತು. ಹಳ್ಳಿಯವರಿಗೆ ಸೌದೆ ಸಿಗಲಿ, ದನಕ್ಕೆ ಮೇವು ಸಿಗಲಿ, ಗೋಮಾಳದಲ್ಲಿ ಊರವರೇ ತೋಪು ಬೆಳೆಸಲಿ ಅನ್ನೋದು ಕಾಗದದ ಮೇಲಿನ ಉದ್ದೇಶ. ಬ್ಯಾಂಕು 1978ರಲ್ಲೇ ಅರಣ್ಯದ ಬಗ್ಗೆ ಒಂದು ನೀತಿಪತ್ರ ಹೊರಡಿಸಿ, ಕಾಡು ಅಂದರೆ ಬರೀ ನಾಟಾ ಅಲ್ಲ, ಬಡವರ ಬದುಕು ಅಂತ ಹೇಳಿತ್ತು. ಹೇಳಿದ್ದು ತಪ್ಪಲ್ಲ. ಆದರೆ ಇಲ್ಲಿ ಆದದ್ದು ಬೇರೆ. ಅರಣ್ಯ ಇಲಾಖೆಯ ನರ್ಸರಿಗಳಿಂದ ಸಸಿ ಹಂಚಿದರು. ಊರ ತೋಪುಗಳು ಹಿಂದೆ ಬಿದ್ದವು, ಖಾಸಗಿ ಹೊಲಗಳಲ್ಲಿ ಸಸಿ ನೆಡೋದು ಅಂದುಕೊಂಡದ್ದಕ್ಕಿಂತ ಜೋರಾಗಿ ಓಡಿತು. ಹಾಗೆ ನೆಟ್ಟದ್ದರಲ್ಲಿ ಬಹುಪಾಲು ನೀಲಗಿರಿ.

ಯಾಕೆ ನೀಲಗಿರಿ? ದನ ಮುಟ್ಟೋದಿಲ್ಲ, ಬೇಲಿ ಬೇಡ. ಕಳೆ ಕೀಳೋ ಆಳು ಬೇಡ. ಬೆಂಗಳೂರಲ್ಲಿ ನೌಕರಿ ಮಾಡೋ ಜಮೀನ್ದಾರನೂ ನೆಟ್ಟು ಮರೆತುಬಿಡಬಹುದು. ಏಳೆಂಟು ವರ್ಷಕ್ಕೆ ಒಂದು ಕಟಾವು, ಆಮೇಲೆ ಬೊಡ್ಡೆಯಿಂದ ಮತ್ತೆ ಚಿಗುರುತ್ತೆ, ಇನ್ನೆರಡು ಮೂರು ಕಟಾವು. ಕೊಳ್ಳೋರು ಖಾತ್ರಿ ಇದ್ದಾರೆ. ಈ ಕೊನೆಯ ಕಾರಣ ಎಲ್ಲಕ್ಕಿಂತ ದೊಡ್ಡದು. ಸಾಲದ ಕಾಗದದಲ್ಲಿ ಸೌದೆ ಅಂತಿದ್ದ ಮರ ಲಾರಿ ಏರಿ ಕಾರ್ಖಾನೆ ಕಡೆ ಹೊರಟಿತು. ಕೋಲಾರ, ತುಮಕೂರಿನ ರಾಗಿ ಹೊಲಗಳು ನೀಲಗಿರಿ ತೋಪಾದವು. ರಾಗಿ ಹೋದ ಮೇಲೆ ರಾಗಿ ಕೂಲಿಯೂ ಹೋಯಿತು. ಈ ಲೆಕ್ಕ ಯಾವ ಸಸಿ ನೋಂದಣಿ ಪುಸ್ತಕದಲ್ಲೂ ಬರಲಿಲ್ಲ, ಯಾಕಂದ್ರೆ ಅದರಲ್ಲಿ ಎಣಿಸಿದ್ದು ಸಸಿಗಳನ್ನ.

1983ರ ಆಗಸ್ಟಿನಲ್ಲೇ ತುಮಕೂರು ಜಿಲ್ಲೆಯ ರೈತರು ಅರಣ್ಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿ, ಹುಣಸೆ, ಮಾವಿನ ಬೀಜ ಹಾಕಿ ಬಂದಿದ್ದರು. ಅಂದರೆ ಸಾಲದ ಶಾಯಿ ಒಣಗೋ ಹೊತ್ತಿಗೆ ತಕರಾರು ಶುರುವಾಗಿತ್ತು. ತಕರಾರು ಕೇಳಿಸಿಕೊಳ್ಳೋ ಕಿವಿ ಎಲ್ಲಿತ್ತು ಅನ್ನೋದೇ ಪ್ರಶ್ನೆ. ತುಮಕೂರಿನ ರೈತ ಅರಣ್ಯ ಇಲಾಖೆಯವರನ್ನ ಬೈಯಬಹುದು. ಇಲಾಖೆಯವರು ಬೆಂಗಳೂರಿನ ಕಡೆ ಕೈ ತೋರಿಸಿದರೆ ಬೆಂಗಳೂರಿನವರು ಬ್ಯಾಂಕಿನ ಕರಾರು ಅನ್ನಬಹುದು. ಬ್ಯಾಂಕಿನಲ್ಲಿ ಯಾರು?

ಈ ಯಾರು ಅನ್ನೋದಕ್ಕೆ ಉತ್ತರ ಹುಡುಕಲು ಬ್ಯಾಂಕಿನ ಒಳಮನೆ ಸ್ವಲ್ಪ ನೋಡಬೇಕು.

ಯಾವುದೇ ದೊಡ್ಡ ಸಾಲಕ್ಕೆ ಎರಡು ಪ್ರಶ್ನೆ ಇರುತ್ತವೆ. ಈ ದೇಶಕ್ಕೆ ಈ ಸಾಲ ಬೇಕೇ, ತೀರಿಸುವ ತಾಕತ್ತಿದೆಯೇ ಅನ್ನೋದು ಒಂದು. ಈ ಕೆಲಸ ಸರಿಯಾಗಿ ನಿಲ್ಲುತ್ತದೆಯೇ, ಅಣೆಕಟ್ಟು ಸೋರುವುದಿಲ್ಲವೇ, ಸಸಿ ಬದುಕುತ್ತದೆಯೇ ಅನ್ನೋದು ಇನ್ನೊಂದು. ಮೊದಲನೆಯದನ್ನು ನೋಡುವವನು ದೇಶದ ಅಧಿಕಾರಿ, ಎರಡನೆಯದನ್ನು ನೋಡುವವನು ತಜ್ಞ. ಇಬ್ಬರನ್ನೂ ಒಂದೇ ಮನೆಯಲ್ಲಿ ಕೂರಿಸಬೇಕೋ, ಬೇರೆ ಬೇರೆ ಮನೆಯಲ್ಲೋ? ವಿಶ್ವಬ್ಯಾಂಕಿನ ಇಲಾಖಾ ಪುನರ್ರಚನೆಗಳ ಇಡೀ ಚರಿತ್ರೆ ಹೆಚ್ಚುಕಡಿಮೆ ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರ.

1949ರಲ್ಲಿ ಭಾರತಕ್ಕೆ ರೈಲ್ವೆಗಾಗಿ ಮೊದಲ ಸಾಲ ಕೊಟ್ಟಾಗ ಬ್ಯಾಂಕು ಚಿಕ್ಕದು. 1952ರಲ್ಲಿ ಯೂಜೀನ್ ಬ್ಲ್ಯಾಕ್ ಅಧ್ಯಕ್ಷರಾಗಿದ್ದಾಗ ಪ್ರದೇಶವಾರು ಇಲಾಖೆಗಳನ್ನು ಒಂದು ಕಡೆ, ತಾಂತ್ರಿಕ ಇಲಾಖೆಯನ್ನು ಇನ್ನೊಂದು ಕಡೆ ಇಟ್ಟರು. ಇಂಜಿನಿಯರು ಬೇಡ ಅಂದರೆ ಸಾಲ ನಿಲ್ಲುತ್ತಿತ್ತು. ದೇಶದ ಅಧಿಕಾರಿ ಗೊಣಗುತ್ತಿದ್ದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅನ್ನೋ ಹಾಗೆ ಇಪ್ಪತ್ತು ವರ್ಷ ನಡೆಯಿತು. ನಿಧಾನ, ಆದರೆ ಎಳೆದಾಟದಲ್ಲಿ ಒಂದು ತಪಾಸಣೆ ಇತ್ತು ಅಂತ ನನ್ನ ಅನಿಸಿಕೆ.

ಅಷ್ಟರಲ್ಲಿ ರಾಬರ್ಟ್ ಮೆಕ್ನಮಾರ ಬಂದರು. ಫೋರ್ಡ್ ಕಂಪನಿಯ ಅಧ್ಯಕ್ಷಗಿರಿ, ವಿಯೆಟ್ನಾಂ ಯುದ್ಧದ ಕಾಲದ ರಕ್ಷಣಾ ಮಂತ್ರಿಗಿರಿ ಎರಡೂ ಮುಗಿಸಿ 1968ರಲ್ಲಿ ಬ್ಯಾಂಕಿಗೆ. ಎಲ್ಲವನ್ನೂ ಎಣಿಸುವ ಮನುಷ್ಯ. ಸಾಲದ ಮೊತ್ತ ಏರಿಸಬೇಕು, ಬಡವರ ಹೊಲದ ತನಕ ಹೋಗಬೇಕು ಅನ್ನೋದು ಅವರ ಹಂಬಲ. 1973ರಲ್ಲಿ ನೈರೋಬಿಯಲ್ಲಿ ಸಣ್ಣ ರೈತರ ಬಗ್ಗೆ ಮಾಡಿದ ಭಾಷಣ ಪ್ರಸಿದ್ಧ. ಅದಕ್ಕೆ ಒಂದು ವರ್ಷ ಮೊದಲು, 1972ರಲ್ಲಿ, ಮೆಕಿನ್ಸೆ ಕಂಪನಿಯ ಸಲಹೆ ಪಡೆದು ಬ್ಯಾಂಕಿನ ಮನೆ ಬದಲಾಯಿಸಿದರು. ಜಗತ್ತನ್ನು ಐದು ಪ್ರದೇಶಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಉಪಾಧ್ಯಕ್ಷ. ದೇಶದ ಅಧಿಕಾರಿಯೂ ತಜ್ಞನೂ ಈಗ ಒಬ್ಬನೇ ಯಜಮಾನನ ಕೆಳಗೆ. ಎರಡು ವರ್ಷದ ನಂತರ ಏಷ್ಯಾವನ್ನು ಒಡೆದು ದಕ್ಷಿಣ ಏಷ್ಯಾವನ್ನು ಬೇರೆ ಮಾಡಿದರು. ಕುಮಾರಪಟ್ಟಣದಲ್ಲಿ ಕಾರ್ಖಾನೆ ಶುರುವಾದದ್ದೂ 1972ರಲ್ಲೇ. ಒಂದಕ್ಕೊಂದು ಸಂಬಂಧ ಇಲ್ಲ, ಆದರೂ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡೋದು ನನ್ನ ಚಟ.

ಹೊಸ ಏರ್ಪಾಡಿನಲ್ಲಿ ಕೆಲಸ ವೇಗವಾಯಿತು. ತಜ್ಞನ ಬಡ್ತಿ ಈಗ ಪ್ರದೇಶದ ಯಜಮಾನನ ಕೈಲಿ, ಯಜಮಾನನಿಗೆ ಈ ವರ್ಷ ಇಷ್ಟು ಸಾಲ ಹೊರಡಿಸಬೇಕು ಅನ್ನೋ ಗುರಿ. ತಜ್ಞ ಬೇಡ ಅನ್ನೋದು ಕಷ್ಟವಾಯಿತು. ಬೇಡ ಅನ್ನೋ ಬಾಯಿಗೆ ಬೀಗ ಯಾರೂ ಹಾಕಲಿಲ್ಲ, ಅಗತ್ಯವೂ ಇರಲಿಲ್ಲ. ನಮ್ಮಲ್ಲಿ ಹೇಳುತ್ತಾರಲ್ಲ, ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ. ಇಲ್ಲಿ ಕೊಡೋನೂ ಈರಭದ್ರನೇ ಆಗಿಬಿಟ್ಟ. ಹೆಚ್ಚು ಕೊಟ್ಟಷ್ಟೂ ಹೆಸರು.

ಪರಿಸರದ ವಿಷಯಕ್ಕೆ ಬ್ಯಾಂಕಿನಲ್ಲಿ ಆಗ ಇದ್ದದ್ದು 1970ರಲ್ಲಿ ನೇಮಿಸಿದ ಒಬ್ಬ ಸಲಹೆಗಾರ, ಅವರ ಜೊತೆ ಬೆರಳೆಣಿಕೆಯ ಜನ. ಜಗತ್ತಿನ ತುಂಬ ನಡೆಯುವ ನೂರಾರು ಯೋಜನೆಗಳನ್ನು ಅಷ್ಟು ಮಂದಿ ನೋಡಬೇಕು. ಕರ್ನಾಟಕದ ಸಾಮಾಜಿಕ ಅರಣ್ಯದ ಕಡತ ಸೇರಿದ್ದು ಕೃಷಿ ವಿಭಾಗಕ್ಕೆ. ಅಲ್ಲಿ ಸಸಿ ಕೂಡ ಒಂದು ಬೆಳೆ. ಎಷ್ಟು ನೆಟ್ಟಿರಿ, ಎಷ್ಟು ಬದುಕಿದವು, ಎಷ್ಟು ಖರ್ಚಾಯಿತು.

ಇತ್ತ ನಮ್ಮಲ್ಲಿ ಕಥೆ ಮುಂದೆ ಹೋಗಿತ್ತು. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನೋ ಜಂಟಿ ಕಂಪನಿ ಮಾಡಿದವು. ಸರ್ಕಾರದ ಪಾಲು ಶೇ. 51, ಕಾರ್ಖಾನೆಯದು 49. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 75,000 ಎಕರೆ ಸರ್ಕಾರಿ ಭೂಮಿಯನ್ನು 40 ವರ್ಷದ ಕರಾರಿನ ಮೇಲೆ ಈ ಕಂಪನಿಗೆ ಕೊಡೋದು, ಅದರಲ್ಲಿ ನೀಲಗಿರಿ ಬೆಳೆಸೋದು. ಆ ಭೂಮಿ ಕಡತದಲ್ಲಿ ಸಿ ಮತ್ತು ಡಿ ವರ್ಗದ್ದು. ಅಂದರೆ ಪಾಳು. ಊರವರಿಗೆ ಅದು ದನ ಮೇಯಿಸುವ ಜಾಗ, ಸೌದೆ ತರೋ ಜಾಗ. ಇದು ವಿಶ್ವಬ್ಯಾಂಕಿನ ಯೋಜನೆ ಅಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಪಾಳು ಭೂಮಿ, ವೇಗದ ಮರ, ಅಭಿವೃದ್ಧಿ ಅನ್ನುವ ಅದೇ ಮಾತುಗಳು ಇಲ್ಲೂ ಇದ್ದವು. ಹೊಲಕ್ಕೆ ಬಂದ ನೀಲಗಿರಿ ಸಾಲದ ದುಡ್ಡಲ್ಲಿ, ಗೋಮಾಳಕ್ಕೆ ಬಂದ ನೀಲಗಿರಿ ಕಂಪನಿ ಕರಾರಿನಲ್ಲಿ. ಎರಡರ ದಾರಿಯೂ ಕೊನೆಗೆ ಹೊಳೆಯ ಆಚೆ ದಡಕ್ಕೇ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠ ಮತ್ತು ಗೆಳೆಯರು ಮೊದಲು ಹೊಳೆಗೆ ಬಿಡುವ ತ್ಯಾಜ್ಯ ನೀರಿನ ವಿರುದ್ಧ ದನಿ ಎತ್ತಿದವರು. ನೀರಿನಿಂದ ಶುರುವಾದದ್ದು ಮಣ್ಣಿಗೆ ಬಂತು. 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮೊದಲ ಹೆಸರು ಕಾರಂತರದು. ಆಗ ಅವರಿಗೆ 84 ವಯಸ್ಸು. ಆ ವಯಸ್ಸಿಗೆ ಜ್ಞಾನಪೀಠ ಬಂದವರು ಸನ್ಮಾನದ ಶಾಲು ಹೊದೆಯುತ್ತಾ ಕೂರಬಹುದಿತ್ತು. 1987ರ ಮಾರ್ಚಿಯಲ್ಲಿ ತಡೆಯಾಜ್ಞೆ ಸಿಕ್ಕಿತು.

ಅದಾಗಿ ಎರಡು ತಿಂಗಳಿಗೆ ವಾಷಿಂಗ್ಟನ್ನಿನ ಘೋಷಣೆ.

ಆಗಿನ ಅಧ್ಯಕ್ಷ ಬಾರ್ಬರ್ ಕೊನೆಬಲ್ ಬ್ಯಾಂಕಿಂಗಿನವರಲ್ಲ. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಕೂತಿದ್ದ ರಾಜಕಾರಣಿ. 1986ರಲ್ಲಿ ಬ್ಯಾಂಕಿಗೆ ಬಂದರು. ಬ್ಯಾಂಕಿಗೆ ದುಡ್ಡು ಮಂಜೂರು ಮಾಡುವ ತಮ್ಮ ಹಳೇ ಸಹೋದ್ಯೋಗಿಗಳು ಎಷ್ಟು ಮುನಿಸಿಕೊಂಡಿದ್ದಾರೆ ಅನ್ನೋದು ಅವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಬ್ರೆಜಿಲ್ಲಿನ ಕಾಡಿನೊಳಗೆ ಬ್ಯಾಂಕಿನ ಸಾಲದಿಂದ ರಸ್ತೆ ಹೋಗಿ ಕಾಡು ಸುಟ್ಟುಹೋದದ್ದು, ಇಂಡೋನೇಷ್ಯಾದ ಜನರ ಸ್ಥಳಾಂತರ, ನಮ್ಮ ನರ್ಮದಾ. ಇವುಗಳ ಬಗ್ಗೆ ಅಲ್ಲಿನ ಪರಿಸರ ಸಂಘಟನೆಗಳು ಕಾಂಗ್ರೆಸ್ಸಿನಲ್ಲಿ ವರ್ಷಗಟ್ಟಲೆ ಸಾಕ್ಷ್ಯ ಹೇಳಿಸಿದ್ದವು. 1987ರ ಮೇ 5ರಂದು ಕೊನೆಬಲ್ ಎದ್ದು ನಿಂತು, ಬ್ಯಾಂಕೂ ಈ ಸಮಸ್ಯೆಯ ಒಂದು ಭಾಗವಾಗಿತ್ತು ಅಂತ ಒಪ್ಪಿಕೊಂಡರು. ಒಂದು ಹೊಸ ಪರಿಸರ ಇಲಾಖೆ, ಪ್ರತಿ ಪ್ರದೇಶಕ್ಕೂ ಒಂದು ಪರಿಸರ ವಿಭಾಗ ಮಾಡುತ್ತೇವೆ ಅಂದರು. ತುಮಕೂರಿನ ರೈತರಾಗಲಿ ಕಾರಂತರಾಗಲಿ ಅವರ ಲೆಕ್ಕದಲ್ಲಿದ್ದರು ಅಂತ ಹೇಳೋಕೆ ಆಧಾರ ಇಲ್ಲ. ಅಭಿಮಾನಕ್ಕೆ ಹಾಗೆ ಬರೆದುಬಿಡೋದು ಸುಲಭ, ಬರೆಯಬಾರದು.

ಆ ವರ್ಷದ ಪುನರ್ರಚನೆ ಬ್ಯಾಂಕಿನೊಳಗೆ ದೊಡ್ಡ ಗಾಯ ಮಾಡಿತು. ಸುಮಾರು ಆರು ಸಾವಿರ ಜನ ಕೆಲಸ ಮಾಡುವ ಜಾಗದಲ್ಲಿ ಯಾರ ಹುದ್ದೆಯೂ ಖಾತ್ರಿ ಇಲ್ಲ ಅಂತಾಯಿತು. ಮೇಲಿನವರನ್ನು ಮೊದಲು ಆರಿಸಿದರು, ಅವರು ತಮ್ಮ ಕೆಳಗಿನವರನ್ನು ಆರಿಸಿದರು, ಅವರು ಮತ್ತೆ ಅವರ ಕೆಳಗಿನವರನ್ನು. ಕಬಡ್ಡಿ ತಂಡ ಆರಿಸೋ ಹಾಗೆ. ಕೊನೆಗೆ ಯಾರೂ ಕರೆಯದೆ ಉಳಿದವರಿಗೆ ಪರಿಹಾರ ಕೊಟ್ಟು ಕಳಿಸೋದು. ಹಾಗೆ ನೂರಾರು ಜನ ಹೋದರು. ಅನುಭವಸ್ಥರೂ ಹೋದರು. ಹರಿಹರದವರಿಗೆ ಇದು ಹೊಸದಾಗಿ ಹೇಳಬೇಕಾದ್ದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕೊನೆಗೆ ಬಾಗಿಲು ಮುಚ್ಚಿದ್ದನ್ನೂ, ದಾವಣಗೆರೆಯ ಹತ್ತಿ ಮಿಲ್ಲುಗಳು ಒಂದೊಂದಾಗಿ ನಿಂತದ್ದನ್ನೂ ಕಂಡ ಸೀಮೆ ಇದು. ಅಲ್ಲಿ ಹೋದವರಿಗೆ ಪರಿಹಾರದ ಕವರು ಚೆನ್ನಾಗಿತ್ತು ಅನ್ನೋದು ವ್ಯತ್ಯಾಸ.

ಹೊಸ ಮನೆಯಲ್ಲಿ ದೇಶಕ್ಕೊಂದು ಇಲಾಖೆ ಬಂತು. ಭಾರತ ದೊಡ್ಡ ಸಾಲಗಾರ, ಅದಕ್ಕೇ ಒಂದು ಪೂರ್ತಿ ಇಲಾಖೆ. ತಜ್ಞರನ್ನು ಬಹುಪಾಲು ಆ ದೇಶದ ಇಲಾಖೆಯೊಳಗೇ ಹಂಚಿದರು. ಅಂದರೆ 1972ರಲ್ಲಿ ಒಂದು ಹೆಜ್ಜೆ ಹೋಗಿದ್ದ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಪರಿಸರ ಇಲಾಖೆ ಹೊಸದು ನಿಜ, ಆದರೆ ಸಾಲದ ಕಡತದ ಮೇಲೆ ಸಹಿ ದೇಶದ ಇಲಾಖೆಯದು. ಸಲಹೆ ಒಬ್ಬರದು, ಕಡತ ಇನ್ನೊಬ್ಬರದು. ನೀತಿ ಮತ್ತು ಸಂಶೋಧನೆಯ ಹಿರಿಯ ಉಪಾಧ್ಯಕ್ಷರಾದವರು ಡೇವಿಡ್ ಹಾಪರ್. ತಮಾಷೆ ಅಂದರೆ ಅವರು ಯುವಕರಾಗಿದ್ದಾಗ ಉತ್ತರ ಪ್ರದೇಶದ ಸೇನಾಪುರ ಅನ್ನೋ ಹಳ್ಳಿಯಲ್ಲಿ ಇದ್ದು ಅಲ್ಲಿನ ರೈತರ ಲೆಕ್ಕಾಚಾರದ ಮೇಲೆ ಪ್ರಬಂಧ ಬರೆದವರು. ಹಳ್ಳಿ ನೋಡದವರೇ ಎಲ್ಲ ನಿರ್ಧರಿಸಿದರು ಅನ್ನೋ ನಮ್ಮ ಸಿದ್ಧ ಬೈಗುಳ ಇಲ್ಲಿ ಹೊಂದೋದಿಲ್ಲ. ಹಳ್ಳಿ ನೋಡಿದವರೂ ಇದ್ದರು. ಅವರು ಕೂತ ಕುರ್ಚಿಯಿಂದ ತುಮಕೂರು ಕಾಣುತ್ತಿತ್ತೋ ಇಲ್ಲವೋ, ಅದು ಬೇರೆ.

ಇದೇ 1987ರಲ್ಲಿ ನಮ್ಮ ರಾಜ್ಯವೂ ತನ್ನ ಇಲಾಖೆಗಳನ್ನು ಜೋಡಿಸಿಕೊಳ್ಳುತ್ತಿತ್ತು ಅಂದೆನಲ್ಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಮಂತ್ರಿ. ಶಾಲೆ, ಆಸ್ಪತ್ರೆ, ಕೊಳವೆಬಾವಿ, ಸಾಮಾಜಿಕ ಅರಣ್ಯ, ಹೀಗೆ ಜಿಲ್ಲೆಯೊಳಗಿನ ಕೆಲಸಗಳು ಜಿಲ್ಲಾ ಪರಿಷತ್ತಿನ ಕೈಗೆ ಬಂದವು. ಅಧ್ಯಕ್ಷನಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಜಿಲ್ಲೆಗೆ ಜಿಲ್ಲಾಧಿಕಾರಿಯೇ ದೊರೆ ಅಂತ ತಲೆಮಾರುಗಳಿಂದ ನಂಬಿದ್ದ ಜನಕ್ಕೆ ಇದು ಕಣ್ಣು ಬಿಡುವಂಥ ಬದಲಾವಣೆ.

ವಾಷಿಂಗ್ಟನ್ನಿನಲ್ಲಿದ್ದ ತೊಡಕು ಇಲ್ಲೂ ಇತ್ತು. ಇಂಜಿನಿಯರು, ರೇಂಜರು, ಡಾಕ್ಟರು ಕೆಲಸ ಮಾಡೋದು ಪರಿಷತ್ತಿಗೆ, ಆದರೆ ಅವರ ಸೇವೆ, ಬಡ್ತಿ ಬೆಂಗಳೂರಿನ ಮಾತೃ ಇಲಾಖೆಯಲ್ಲಿ. ಅವರು ಯಾರ ಮಾತು ಕೇಳಬೇಕು? ಸರ್ಕಾರಿ ಕಚೇರಿ ಕಟ್ಟೆಯ ಮೇಲೆ ಒಂದು ದಿನ ಕೂತವರಿಗೂ ಉತ್ತರ ಗೊತ್ತು. ವಾರ್ಷಿಕ ಗೌಪ್ಯ ವರದಿ ಬರೆಯೋರು ಯಾರೋ ಅವರ ಮಾತು. ಮೆಕಿನ್ಸೆಯವರು ದೊಡ್ಡ ವರದಿ ಬರೆದು ಕಂಡುಕೊಂಡದ್ದನ್ನು ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರು ಒಂದು ಚಹಾಕ್ಕೆ ಹೇಳುತ್ತಾರೆ.

ಆದರೂ ಎರಡಕ್ಕೂ ಒಂದು ಅಂತರ ಇತ್ತು. ನಜೀರ್ ಸಾಬರ ಏರ್ಪಾಡಿನಲ್ಲಿ ಅಧ್ಯಕ್ಷ ತಪ್ಪಿದರೆ ಐದು ವರ್ಷಕ್ಕೆ ಊರವರು ಅವನನ್ನು ಕೆಳಗಿಳಿಸಬಹುದಿತ್ತು. ಕೊನೆಬಲ್ಲರ ಏರ್ಪಾಡಿನಲ್ಲಿ ಊರವರಿಗೆ ಬಾಗಿಲೇ ಇರಲಿಲ್ಲ. ನಜೀರ್ ಸಾಬರು 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರು ಸಾಬ್ ಅಂತ ಇವತ್ತಿಗೂ ಕರೆಯುತ್ತಾರೆ. ಕೊನೆಬಲ್ಲರನ್ನು ನಮ್ಮ ಕಡೆ ಯಾರೂ ಏನಂತಲೂ ಕರೆಯೋದಿಲ್ಲ.

ನವೆಂಬರ್ 14ಕ್ಕೆ ಬರೋಣ. ಕುಸನೂರಿನಲ್ಲಿ ಸೇರಿದ ಜನ ಕಂಪನಿಯ ನೀಲಗಿರಿ ಸಸಿಗಳಲ್ಲಿ ನೂರರಷ್ಟನ್ನು ಕಿತ್ತರು. ಆ ಗುಣಿಗಳಲ್ಲೇ ಹಣ್ಣಿನ, ಮೇವಿನ ಸಸಿ ನೆಟ್ಟರು. ಅದಕ್ಕೆ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತ ಹೆಸರು. ಉತ್ತರ ಕರ್ನಾಟಕದವರಿಗೆ ಹಚ್ಚೋದು ಅಂದರೆ ನೆಡೋದು, ಬೆಂಗಳೂರಿನ ಪತ್ರಕರ್ತರಿಗೆ ಅದನ್ನು ಬಿಡಿಸಿ ಹೇಳಬೇಕು. ಕಿತ್ತದ್ದು ನೂರು ಸಸಿ ಮಾತ್ರ, ಆದರೆ ಕೀಳುವ ಮೊದಲು ಹಳ್ಳಿಗಳಲ್ಲಿ ನಡೆದ ಸಭೆ, ಪಾದಯಾತ್ರೆ, ಸಹಿ ಸಂಗ್ರಹ ದೊಡ್ಡದು. 1991ರ ಹೊತ್ತಿಗೆ ಸರ್ಕಾರ ಆ ಜಂಟಿ ಕಂಪನಿಯನ್ನೇ ಮುಚ್ಚಿತು. ನಮ್ಮ ಕಾಲದಲ್ಲಿ ಜನ ಗೆದ್ದ ಕೆಲವೇ ಭೂಮಿ ಹೋರಾಟಗಳಲ್ಲಿ ಇದೊಂದು.

ಈ ಗೆಲುವಿನಲ್ಲಿ ಬ್ಯಾಂಕಿನ ಹೊಸ ಪರಿಸರ ಇಲಾಖೆಯ ಪಾಲು ಏನು? ನನಗೆ ಕಾಣೋ ಮಟ್ಟಿಗೆ, ಇಲ್ಲ. ಆ ಇಲಾಖೆಯಿಂದ ಬೇರೆ ಕಡೆ ಕೆಲವು ಒಳ್ಳೆಯದಾಯಿತು. ಯೋಜನೆಗೆ ಮೊದಲು ಪರಿಸರ ಪರಿಣಾಮ ನೋಡಲೇಬೇಕು ಅನ್ನೋ ನಿಯಮ ಗಟ್ಟಿಯಾಯಿತು. 1991ರಲ್ಲಿ ಹೊಸ ಅರಣ್ಯ ನೀತಿ ಬಂದು, ಮಳೆಕಾಡಿನ ವಾಣಿಜ್ಯ ಕಟಾವಿಗೆ ಸಾಲ ಇಲ್ಲ ಅಂತಾಯಿತು. ಆದರೆ ಹಳ್ಳಿಯವನಿಗೆ ನಿಜವಾದ ಬಾಗಿಲು ತೆರೆದದ್ದು ಇಲಾಖೆ ಬದಲಾಯಿಸಿದ್ದರಿಂದ ಅಲ್ಲ. ನರ್ಮದಾ ಕಣಿವೆಯವರು ಪಟ್ಟು ಹಿಡಿದು, 1992ರಲ್ಲಿ ಬ್ಯಾಂಕೇ ನೇಮಿಸಿದ ಮೋರ್ಸ್ ಸಮಿತಿ ಖಾರವಾದ ವರದಿ ಕೊಟ್ಟು, 1993ರ ಮಾರ್ಚಿಯಲ್ಲಿ ಭಾರತ ಸರ್ಕಾರವೇ ಸರ್ದಾರ್ ಸರೋವರದ ಉಳಿದ ಸಾಲ ಬೇಡ ಅಂದಿತು. ಅದೇ ವರ್ಷ ಬ್ಯಾಂಕಿನಲ್ಲಿ ತಪಾಸಣಾ ಮಂಡಳಿ ಹುಟ್ಟಿತು. ಯೋಜನೆಯಿಂದ ನೊಂದವರು ನೇರವಾಗಿ ದೂರು ಕೊಡಬಹುದು. ಮಂಡಳಿ ಉತ್ತರ ಹೇಳಬೇಕಾದ್ದು ಬ್ಯಾಂಕಿನ ಅಧ್ಯಕ್ಷರಿಗಲ್ಲ, ಸದಸ್ಯ ದೇಶಗಳ ಪ್ರತಿನಿಧಿಗಳು ಕೂರುವ ನಿರ್ದೇಶಕ ಮಂಡಳಿಗೆ. ಇಷ್ಟು ಸಣ್ಣ ಬದಲಾವಣೆ. ಐವತ್ತು ವರ್ಷದ ಕುರ್ಚಿಯಾಟಕ್ಕಿಂತ ಇದು ದೊಡ್ಡದು ಅಂತ ನಾನು ಅಂದುಕೊಂಡಿದ್ದೇನೆ.

ಬ್ಯಾಂಕಿಗೆ ಕನ್ನಡಿ ಹಿಡಿದದ್ದು ಒಳಗಿನವರೇ ಅನ್ನೋದನ್ನೂ ಹೇಳಬೇಕು. ಉಪಾಧ್ಯಕ್ಷರಾಗಿದ್ದ ವಿಲ್ಲಿ ವಾಪೆನ್‌ಹಾನ್ಸ್ 1992ರಲ್ಲಿ ಒಂದು ವರದಿ ಕೊಟ್ಟರು. 1991ರಲ್ಲಿ ಮುಗಿದ ಯೋಜನೆಗಳಲ್ಲಿ ಶೇ. 37.5 ತೃಪ್ತಿಕರವಾಗಿಲ್ಲ, ಮಂಜೂರಾತಿಯೇ ನಮ್ಮ ಸಂಸ್ಕೃತಿ ಆಗಿಬಿಟ್ಟಿದೆ, ಮಂಜೂರಾದ ಮೇಲೆ ನೋಡೋರಿಲ್ಲ ಅಂತ ಅದರ ಸಾರ. ಎರಡು ಪುನರ್ರಚನೆ ದಾಟಿದ ಮೇಲಿನ ಮಾತು ಇದು.

1997ರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜೇಮ್ಸ್ ವುಲ್ಫೆನ್‌ಸನ್ ಆಗ ಅಧ್ಯಕ್ಷರು. 250 ದಶಲಕ್ಷ ಡಾಲರ್ ಹೆಚ್ಚುವರಿ ಖರ್ಚು ಕೇಳಿ ಪಡೆದು ಮತ್ತೊಂದು ಸುತ್ತು ಶುರು ಮಾಡಿದರು. ತಜ್ಞರಿಗೆ ಜಾಲಗಳು, ದೇಶದ ನಿರ್ದೇಶಕರನ್ನು ವಾಷಿಂಗ್ಟನ್ನಿನಿಂದ ಆಯಾ ದೇಶಕ್ಕೆ ಕಳಿಸೋದು, ಒಬ್ಬನಿಗೆ ಇಬ್ಬರು ಯಜಮಾನರು. ಇತ್ತ ಅದೇ 1997ರ ಆಗಸ್ಟಿನಲ್ಲಿ ಜೆ. ಎಚ್. ಪಟೇಲರು ಏಳು ಹೊಸ ಜಿಲ್ಲೆ ಮಾಡಿದರು. ಚಿತ್ರದುರ್ಗದಲ್ಲಿದ್ದ ಹರಿಹರ, ದಾವಣಗೆರೆ, ಜಗಳೂರು, ಶಿವಮೊಗ್ಗದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯ ಹರಪನಹಳ್ಳಿ ಸೇರಿ ದಾವಣಗೆರೆ ಜಿಲ್ಲೆ ಆಯಿತು. ಹೊಳೆಯಾಚೆಯ ಕುಮಾರಪಟ್ಟಣ, ಕುಸನೂರು ಧಾರವಾಡದಿಂದ ಹಾವೇರಿಗೆ ಹೋದವು. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ಅಲ್ಲಿನ ರೈತ ಹೊಲದಲ್ಲೇ ನಿಂತು ಮೂರು ಜಿಲ್ಲೆ ನೋಡಿದ.

ಜಿಲ್ಲೆ ಆದದ್ದರಿಂದ ನಮಗೆ ಅನುಕೂಲ ಆಗಿದೆ, ಸುಳ್ಳು ಹೇಳಬಾರದು. ಒಂದು ಸಹಿಗೆ ದುರ್ಗದ ಬಸ್ಸು ಹತ್ತೋದು ತಪ್ಪಿತು. ಇಲಾಖೆ ಹತ್ತಿರ ಬಂದರೆ ಬಡವನಿಗೆ ಒಂದು ದಿನದ ಕೂಲಿ ಉಳಿಯುತ್ತೆ. ಆದರೆ ಹೊಳೆಯ ಒಂದು ದಡ ಒಂದು ಜಿಲ್ಲೆ, ಇನ್ನೊಂದು ದಡ ಇನ್ನೊಂದು ಜಿಲ್ಲೆ. ನೀರಿಗೆ ಏನಾದರೂ ಆದರೆ ಯಾವ ಜಿಲ್ಲಾಧಿಕಾರಿಯ ಬಾಗಿಲು ತಟ್ಟಬೇಕು ಅನ್ನೋದು ಮೊದಲೂ ಗೊಂದಲ, ಈಗಲೂ ಗೊಂದಲ. ಮೀನಿಗೆ ಜಿಲ್ಲಾ ಗಡಿ ಗೊತ್ತಿಲ್ಲ.

ವೈದ್ಯರಾಗಿದ್ದ ಜಿಮ್ ಯಾಂಗ್ ಕಿಮ್ 2014ರ ಜುಲೈನಿಂದ ಬ್ಯಾಂಕಿನ ತಜ್ಞರನ್ನೆಲ್ಲ ಪ್ರದೇಶಗಳಿಂದ ಕಿತ್ತು 14 ಜಾಗತಿಕ ವಿಭಾಗಗಳಲ್ಲಿ ಹಾಕಿದರು. ನೀರಿನವರೆಲ್ಲ ಒಂದು ಕಡೆ, ಕೃಷಿಯವರೆಲ್ಲ ಒಂದು ಕಡೆ. ಒಳಗೆ ದೊಡ್ಡ ಅಸಮಾಧಾನ ಎದ್ದಿತು. 2020ರ ಹೊತ್ತಿಗೆ ತಜ್ಞರನ್ನು ಮತ್ತೆ ಪ್ರದೇಶದ ಯಜಮಾನರ ಕೆಳಗೆ ತಂದರು. ಕೊಟ್ಟಿಗೆ ಬದಲಾದರೂ ಎತ್ತು ಅದೇ, ಗೂಟ ಮಾತ್ರ ಹೊಸದು.

ಅದೇ 2014ರಲ್ಲಿ ನಮ್ಮ ಊರುಗಳಿಗೆ ಇನ್ನೊಂದು ಬ್ಯಾಂಕು ಬಂತು, ಮನಿಲಾದಲ್ಲಿರುವ ಏಷ್ಯನ್ ಅಭಿವೃದ್ಧಿ ಬ್ಯಾಂಕು. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ, ಈ ನಾಲ್ಕು ಊರುಗಳ ನೀರು ಮತ್ತು ಒಳಚರಂಡಿಗೆ ಸಾಲ. ನಾವು ಅದನ್ನು ಜಲಸಿರಿ ಅನ್ನುತ್ತೇವೆ. ನಾಲ್ಕೂ ಊರುಗಳನ್ನು ಆರಿಸಿದ್ದು ಒಂದೇ ನದಿ ಕಣಿವೆಯವು ಅನ್ನೋ ಕಾರಣಕ್ಕೆ, ಜಿಲ್ಲೆ ಯಾವುದಾದರೂ ಇರಲಿ ಅಂತ. ಈ ಒಂದು ಯೋಚನೆ ನನಗೆ ಹಿಡಿಸಿತು. 1997ರಲ್ಲಿ ಬೇರೆ ಬೇರೆ ಜಿಲ್ಲೆಯಾದ ಹರಿಹರ, ರಾಣೆಬೆನ್ನೂರುಗಳನ್ನು ಹೊಳೆಯ ಲೆಕ್ಕದಲ್ಲಿ ಮತ್ತೆ ಒಂದು ಕಡತದಲ್ಲಿ ಕೂರಿಸಿದರು.

ಆ ಕಡತ ಮನಿಲಾದಲ್ಲಿ ಹುಟ್ಟಿದ್ದು 2002ರ ಪುನರ್ರಚನೆಯಲ್ಲಿ ಆದ ದಕ್ಷಿಣ ಏಷ್ಯಾ ಇಲಾಖೆಯಲ್ಲಿ. 2023ರಲ್ಲಿ ಆ ಬ್ಯಾಂಕೂ ತನ್ನ ಮನೆ ಬದಲಾಯಿಸಿತು. ತಜ್ಞರನ್ನು ಪ್ರದೇಶಗಳಿಂದ ತೆಗೆದು, ನೀರು ಮತ್ತು ನಗರಾಭಿವೃದ್ಧಿಯವರನ್ನು ಇಡೀ ಏಷ್ಯಾಕ್ಕೆ ಒಂದೇ ಗುಂಪಾಗಿ ಕೂರಿಸಿತು. ವಿಶ್ವಬ್ಯಾಂಕು ಮಾಡಿ ಬಿಟ್ಟದ್ದನ್ನು ಇವರು ಮಾಡುತ್ತಿದ್ದಾರೆ. ಇಲ್ಲಿ ಮಾತ್ರ ಮೀಟರು ಬಂತಾ, ಇಪ್ಪತ್ನಾಲ್ಕು ಗಂಟೆ ನೀರು ಅಂದಿದ್ರಲ್ಲ ಏನಾಯ್ತು ಅಂತ ಜನ ಕೇಳೋದು ವಾರ್ಡಿನ ಸದಸ್ಯನನ್ನ. ಅವನು ನಗರಾಭಿವೃದ್ಧಿ ಹಣಕಾಸು ನಿಗಮದ ಕಡೆ ಕೈ ತೋರಿಸುತ್ತಾನೆ.

ಕೊನೆಗೆ ಸಾಲದ ಲೆಕ್ಕ. 1983ರ ಸಾಮಾಜಿಕ ಅರಣ್ಯದ ಸಾಲ ಬಂದದ್ದು ಬ್ಯಾಂಕಿನ ಬಡದೇಶಗಳ ಶಾಖೆಯಿಂದ. ಆ ಕಾಲದಲ್ಲಿ ಅದರ ಕರಾರು ಬಲು ಸಲೀಸು. ಬಡ್ಡಿ ಇಲ್ಲ, ಶೇ. 0.75 ಸೇವಾಶುಲ್ಕ, ಮೊದಲ ಹತ್ತು ವರ್ಷ ಅಸಲು ಕಟ್ಟುವಂತಿಲ್ಲ, ಒಟ್ಟು ಅವಧಿ 50 ವರ್ಷ. ಆ ಲೆಕ್ಕದಲ್ಲಿ ಕೊನೆಯ ಕಂತು 2033ರ ಸುಮಾರಿಗೆ ಬರುತ್ತದೆ. ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ನೆಡೋದನ್ನೇ ನಿಷೇಧಿಸಿದೆ. ಆ ಸಾಲ ಕೊಟ್ಟ ವಿಭಾಗ 1987ರಲ್ಲೇ ಇಲ್ಲವಾಯಿತು, ಅದರ ಜಾಗಕ್ಕೆ ಬಂದದ್ದು 1997ರಲ್ಲಿ ರೂಪ ಬದಲಿಸಿತು, 2014ರಲ್ಲಿ ಮತ್ತೆ. ಕಂತು ವರ್ಷಕ್ಕೆರಡು ಸಲ, ದೆಹಲಿಯಿಂದ.